ಅಕ್ಷರ–ಅಂಕ ಸಂಕ್ಷೇಪಗಳ ಪದಚ್ಛೇದ: ಶಾಸನ, ದಫ್ತರ ಮತ್ತು ಗಣಕಯಂತ್ರದ ಆಜ್ಞಾಪಂಕ್ತಿ

೧. ಪ್ರಸ್ತಾವನೆ

“ಮು॥ ಪೋ॥ ಅಂಕಲಿ, ತಾ॥ ಚಿಕ್ಕೋಡಿ, ಜಿ॥ ಬೆಳಗಾವಿ.” ನಮ್ಮ ಸೀಮೆಯಲ್ಲಿ ಅಕ್ಷರ ಬಲ್ಲವರೆಲ್ಲರೂ ಈ ಬಗೆಯ ಒಕ್ಕಣೆಯನ್ನು ಕಾಗದದ ಮೇಲೆ ಬರೆದವರೇ, ಅಂಚೆಯವನು ಅದನ್ನು ಓದುವುದಕ್ಕೆ ಕ್ಷಣಮಾತ್ರವೂ ತಡೆಯುವುದಿಲ್ಲ. ಆದರೆ ಈ ಒಂದು ಪಂಕ್ತಿಯನ್ನು ಕನ್ನಡ ಲಿಪಿಯನ್ನು ಮಾತ್ರ ಬಲ್ಲ, ಇಲ್ಲಿಯ ರೂಢಿಯನ್ನರಿಯದ ಓದುಗನೊಬ್ಬನ ಮುಂದಿರಿಸಿದರೆ ಆತನಿಗೆ ಅದರ ಅರ್ಧಭಾಗವೂ ತಿಳಿಯದು. ‘ಮು’ ಎಂಬುದು ಮುಕ್ಕಾಮು, ‘ಪೋ’ ಎಂಬುದು ಪೋಸ್ಟು, ‘ತಾ’ ಎಂಬುದು ತಾಲೂಕು, ‘ಜಿ’ ಎಂಬುದು ಜಿಲ್ಲೆ ಎಂಬ ಪಟ್ಟಿಯು ಕಾಗದದ ಮೇಲೆ ಎಲ್ಲಿಯೂ ಇಲ್ಲ. ಅದು ಓದುವವನ ತಲೆಯಲ್ಲಿದೆ. ಈ ಸಂಕ್ಷೇಪಗಳು ಅಲಂಕಾರಕ್ಕಾಗಿ ಬಂದವೂ ಅಲ್ಲ. ಕೃಷ್ಣಾತೀರದಲ್ಲಿಯೇ ಮಿರಜ ತಾಲೂಕಿನಲ್ಲಿ ಅಂಕಲಿ ಎಂಬ ಇನ್ನೊಂದು ಗ್ರಾಮವಿದೆ. ‘ತಾ॥’ ಎಂಬ ಸಂಜ್ಞೆಯೂ ಅದರ ಮುಂದಿನ ಹೆಸರೂ ಇಲ್ಲದಿದ್ದರೆ ಕಾಗದವು ಬೇರೆ ರಾಜ್ಯಕ್ಕೆ ಹೋಗಬಹುದು.

ಸಂಜ್ಞೆಯೊಂದು, ಅದರ ಮುಂದೆ ಬೆಲೆಯೊಂದು: ಇದೇ ಈ ಲೇಖನದಲ್ಲಿ ವಿಚಾರಿಸುವ ಸಂಕ್ಷೇಪಲಿಪಿಯ ಮೂಲರೂಪ. ಹನ್ನೆರಡು–ಹದಿಮೂರನೆಯ ಶತಮಾನದ ದಾನಶಾಸನಗಳಲ್ಲಿಯೂ, ಮರಾಠರ ಕಾಲದ ಮೋಡಿ ದಫ್ತರಗಳಲ್ಲಿಯೂ, ನಮ್ಮ ಕಾಲದ ಗಣಕಯಂತ್ರಗಳಿಗೆ ಕೊಡುವ ಆಜ್ಞಾಪಂಕ್ತಿಗಳಲ್ಲಿಯೂ ಇದೇ ರೂಪವು ಕಂಡುಬರುತ್ತದೆ. ಇಂತಹ ಪಂಕ್ತಿಯನ್ನು ಬಿಡಿಸಿ ಓದುವ ನಿಯಮಸಮೂಹಕ್ಕೆ ಗಣಕಶಾಸ್ತ್ರಜ್ಞರು ‘ಪಾರ್ಸರ್’ ಎಂದು ಹೆಸರಿಟ್ಟಿದ್ದಾರೆ. ಹಳಗನ್ನಡ ಪದ್ಯಗಳನ್ನು ಪಾಠ ಹೇಳಿಸಿಕೊಂಡ ನಮಗೆ ಇದು ಅಪರಿಚಿತವಾದ ಕಾರ್ಯವಲ್ಲ. ಮೊದಲು ಪದಚ್ಛೇದ, ಅನಂತರ ಅನ್ವಯ. ಶಾಸನಗಳ ಪಾಠಗಳು ಗಣಕಯಂತ್ರವನ್ನು ಪ್ರವೇಶಿಸುತ್ತಿರುವ ಈ ದಿನಗಳಲ್ಲಿ, ಅವುಗಳ ಸಂಕ್ಷೇಪಗಳನ್ನು ಬಿಡಿಸುವ ನಿಯಮಗಳನ್ನು ಯಾರು, ಹೇಗೆ ಬರೆಯಬೇಕೆಂಬುದು ಇತಿಹಾಸದ ವಿದ್ಯಾರ್ಥಿಗಳು ಉಪೇಕ್ಷಿಸಬಹುದಾದ ಪ್ರಶ್ನೆಯಲ್ಲವೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಒಂದೇ ನೆಲದ ಎರಡು ಸಂಕ್ಷೇಪಲಿಪಿಗಳು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿಗಳನ್ನೊಳಗೊಂಡ ಕೃಷ್ಣಾ–ದೂಧಗಂಗಾ ಪ್ರದೇಶವು ಲಿಪಿಚರಿತ್ರೆಯ ದೃಷ್ಟಿಯಿಂದ ವಿಶೇಷವಾದುದು. ಸವದತ್ತಿಯ, ಬಳಿಕ ವೇಣುಗ್ರಾಮದ, ಎಂದರೆ ಇಂದಿನ ಬೆಳಗಾವಿಯ ರಟ್ಟರೂ ಕೊಲ್ಲಾಪುರದ ಶಿಲಾಹಾರರೂ ಇಲ್ಲಿ ನೆರೆಹೊರೆಯಾಗಿದ್ದರು. ಚಿಕ್ಕೋಡಿ ತಾಲೂಕಿನ ಏಕಸಂಬೆಯ ೧೧೬೫ರ ಶಾಸನದಲ್ಲಿ ಶಿಲಾಹಾರ ವಿಜಯಾದಿತ್ಯನ ದಂಡನಾಯಕನಾದ ಕಾಲಣನು ಕಟ್ಟಿಸಿದ ನೇಮಿನಾಥ ಬಸದಿಯ ವೃತ್ತಾಂತವಿದೆ; ಆ ಬಸದಿಗೆ ರಟ್ಟ ಕಾರ್ತವೀರ್ಯನು ಬಂದ ಸಂಗತಿಯೂ ಇದೆ. ಈ ಅರಸರ ಶಾಸನಗಳು ಬಹುಮಟ್ಟಿಗೆ ಕನ್ನಡದಲ್ಲಿವೆ. ಅವುಗಳಲ್ಲಿ ರಾಜಪ್ರಶಸ್ತಿ, ಆಚಾರ್ಯಪರಂಪರೆ ಮೊದಲಾದ ಭಾಗಗಳು ವಿಸ್ತಾರವಾದ ಗದ್ಯಪದ್ಯಗಳಲ್ಲಿದ್ದರೆ, ದಾನದ ವಿವರಗಳು ಬಿಗಿಯಾದ ಲೆಕ್ಕದ ಭಾಷೆಯಲ್ಲಿರುತ್ತವೆ.

ಈ ಲೆಕ್ಕದ ಭಾಷೆಯು ಕನ್ನಡನಾಡಿನ ಶಾಸನಗಳಲ್ಲೆಲ್ಲ ಪ್ರಚಾರದಲ್ಲಿತ್ತು. ಗದ್ಯಾಣಕ್ಕೆ ‘ಗ’, ಪಣಕ್ಕೆ ‘ಪ’, ಮತ್ತರಿಗೆ ‘ಮ’, ಕಮ್ಮಕ್ಕೆ ‘ಕಂ’; ಶುದ್ಧ ಪಕ್ಷಕ್ಕೆ ‘ಶು’ ಅಥವಾ ‘ಸು’, ಬಹುಳಕ್ಕೆ ‘ಬ’; ವಾರಗಳಿಗೆ ‘ಆ’, ‘ಸೋ’, ‘ಮಂ’, ‘ಬು’, ‘ಗು’ ಅಥವಾ ‘ಬೃ’, ‘ಶು’, ‘ಶ’. ಹುಣ್ಣಿಮೆಯನ್ನು ೧೫ ಎಂದೂ ಅಮಾವಾಸ್ಯೆಯನ್ನು ೩೦ ಎಂದೂ ಬರೆಯುವ ಕ್ರಮವು ಪಂಚಾಂಗಗಳಿಂದ ಇಂದಿಗೂ ನಮಗೆ ಪರಿಚಿತವಾಗಿದೆ. ವಿಜಯನಗರ ಕಾಲದ ಶಾಸನಗಳಲ್ಲಿ ತಿಥಿಯ ಅಂಕಕ್ಕೆ ‘ಲು’ ಎಂಬ ವಿಭಕ್ತಿಯ ತುಣುಕೊಂದನ್ನು ಸೇರಿಸುವುದುಂಟು. ‘ಶು ೧೦ಲು’ ಎಂದರೆ ಶುದ್ಧ ದಶಮಿಯಲು ಎಂದರ್ಥ. ಅಂಕವು ತಿಥಿಯ ಹೆಸರನ್ನು ನುಂಗಿಕೊಂಡಿದೆ. ವಿಭಕ್ತಿ ಮಾತ್ರ ಹೊರಗುಳಿದಿದೆ.

ಎರಡನೆಯ ಸಂಕ್ಷೇಪಲಿಪಿಯು ಮರಾಠರ ಆಡಳಿತದೊಡನೆ ನೆಲೆಗೊಂಡಿತು. ಆದಿಲಶಾಹಿಯು ೧೬೮೬ರಲ್ಲಿ ಅಳಿದ ಬಳಿಕ, ಕಾಲಕ್ರಮದಲ್ಲಿ ಪೇಶವೆಯರೂ ಕೊಲ್ಲಾಪುರದ ಛತ್ರಪತಿಗಳೂ ಚಿಕ್ಕೋಡಿ–ಮನೋಳಿ ಸೀಮೆಗಾಗಿ ದೀರ್ಘಕಾಲ ಸೆಣಸಿದರು. ೧೮೨೭ರಲ್ಲಿ ಆ ಸೀಮೆಯು ಕಂಪನಿ ಸರಕಾರದ ವಶಕ್ಕೆ ಬಂದಿತು. ರಾಯಬಾಗವಾದರೋ ೧೯೪೯ರವರೆಗೂ ಕೊಲ್ಲಾಪುರ ಸಂಸ್ಥಾನದಲ್ಲಿಯೇ ಇತ್ತು. ಅಂಕಲಿಯು ಶಿತೋಳೆ ಸರದಾರರ ಊರು. ಆಳಂದಿಯಿಂದ ಪಂಢರಪುರಕ್ಕೆ ಸಾಗುವ ಜ್ಞಾನೇಶ್ವರರ ಪಾಲಖಿಯ ಮುಂದೆ ನಡೆಯುವ ಕುದುರೆಗಳು ಪ್ರತಿವರ್ಷವೂ ಈ ಮನೆತನದಿಂದ ಹೊರಡುವ ಪದ್ಧತಿಯು ಪ್ರಸಿದ್ಧವಾಗಿದೆ. ಇಂತಹ ಪ್ರದೇಶದಲ್ಲಿ ಆಡುವ ಮಾತು ಕನ್ನಡವಾಗಿದ್ದರೂ ವಸೂಲಿ, ಜಮಾಖರ್ಚು, ಇನಾಮು ಪತ್ರಗಳು ಮೋಡಿ ಲಿಪಿಯ ಮರಾಠಿಯಲ್ಲಿ ನಡೆದವು. ಲೇಖನಿಯನ್ನು ಆದಷ್ಟು ಎತ್ತದೆ ಓಡಿಸುವುದೇ ಮೋಡಿಯ ಗುಣ. ಆದಕಾರಣ ಸಂಕ್ಷೇಪವು ಅದರ ಹುಟ್ಟುಗುಣವೆಂದರೂ ಸಲ್ಲುತ್ತದೆ. ‘ಮೌ॥’ ಎಂದರೆ ಮೌಜೆ, ‘ಕ॥’ ಎಂದರೆ ಕಸಬೆ, ‘ಪ॥’ ಎಂದರೆ ಪರಗಣೆ. ನಮ್ಮ ಇಂದಿನ ‘ತಾ॥’, ‘ಜಿ॥’ಗಳೂ ಲಗ್ನಪತ್ರಿಕೆಯ ‘ಚಿ॥’, ‘ಸೌ॥’ಗಳೂ ಈ ಪದ್ಧತಿಯವೇ.

೩. ಆಜ್ಞಾಪಂಕ್ತಿಯ ವ್ಯಾಕರಣ

ಇನ್ನು ಮೂರನೆಯದು. ೧೯೬೯ರಿಂದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ರೂಪಿಸಿದ ಯೂನಿಕ್ಸ್ ಎಂಬ ಗಣಕವ್ಯವಸ್ಥೆಯಲ್ಲಿ, ಕೆಲಸಗಾರನು ಟೆಲಿಟೈಪ್ ಯಂತ್ರದ ಮುಂದೆ ಕುಳಿತು ಆಜ್ಞೆಗಳನ್ನು ಬೆರಳಚ್ಚಿಸುತ್ತಿದ್ದನು. ಆ ಯಂತ್ರವು ಸೆಕೆಂಡಿಗೆ ೧೦ ಅಕ್ಷರಗಳನ್ನು ಮಾತ್ರ ಮುದ್ರಿಸಬಲ್ಲುದಾಗಿತ್ತು. ಕಲ್ಲುಕುಟಿಗನಿಗೆ ಉಳಿಯ ಏಟು ಹೇಗೋ, ಮೋಡಿಯ ಕಾರಕೂನನಿಗೆ ಲೇಖನಿಯನ್ನೆತ್ತುವುದು ಹೇಗೋ, ಈತನಿಗೆ ಒಂದೊಂದು ಅಕ್ಷರವೂ ಹಾಗೆ ವೆಚ್ಚದ ಬಾಬಾಗಿತ್ತು. ಆದಕಾರಣ ಆಜ್ಞೆಯ ಹೆಸರು ಎರಡು–ಮೂರು ಅಕ್ಷರಗಳಿಗೆ ಇಳಿಯಿತು. ಆಜ್ಞೆಯನ್ನು ಹೇಗೆ ನಡೆಸಬೇಕೆಂಬ ಸೂಚನೆಗಳು ಒಂದೊಂದೇ ಅಕ್ಷರಗಳಾದವು. ಸಾಮಾನ್ಯವಾಗಿ ಇಂತಹ ಸೂಚನಾಕ್ಷರದ ಹಿಂದೆ ಅಡ್ಡಗೆರೆಯೊಂದನ್ನು ಹಾಕಿ ಅದನ್ನು ಉಳಿದ ಹೆಸರುಗಳಿಂದ ಬೇರ್ಪಡಿಸಲಾಯಿತು. ಹಲವು ಅಕ್ಷರಗಳನ್ನು ಒಂದೇ ಅಡ್ಡಗೆರೆಯ ಮುಂದೆ ಒತ್ತೊತ್ತಾಗಿ ಕೂಡಿಸುವ ರೂಢಿಯೂ ಬೆಳೆಯಿತು.

ತೊಡಕು ಹುಟ್ಟಿದುದು ಇಲ್ಲಿಯೇ. ಕೆಲವು ಅಕ್ಷರಗಳು ತಮ್ಮಷ್ಟಕ್ಕೆ ತಾವೇ ಪೂರ್ಣವಾಗಿರುತ್ತವೆ. ಇನ್ನು ಕೆಲವು ತಮ್ಮ ಮುಂದೆ ಬೆಲೆಯೊಂದನ್ನು ಬೇಡುತ್ತವೆ. ಕಡತಗಳನ್ನು ಗಂಟುಕಟ್ಟುವ ಮತ್ತು ಬಿಚ್ಚುವ ‘ಟಾರ್’ ಎಂಬ ಆಜ್ಞೆಯನ್ನು ನೋಡೋಣ. ‘ಎಕ್ಸ್’ ಎಂದರೆ ಬಿಚ್ಚು, ‘ವಿ’ ಎಂದರೆ ಮಾಡಿದುದನ್ನು ವರದಿಮಾಡು, ‘ಎಫ್’ ಎಂದರೆ ಗಂಟಿನ ಹೆಸರು ಮುಂದಿದೆ ಎಂದರ್ಥ. ಅಡ್ಡಗೆರೆಯಿಲ್ಲದ ಹಳೆಯ ರೂಢಿಯಲ್ಲಿ ಈ ಮೂರಕ್ಷರಗಳನ್ನು ಎಕ್ಸ್–ಎಫ್–ವಿ ಎಂಬ ಕ್ರಮದಲ್ಲಿ ಬರೆದರೂ ಬಾಧೆಯಿಲ್ಲ. ಹೆಸರು ಮುಂದಿನ ಪದದಿಂದ ದೊರೆಯುತ್ತದೆ. ಆದರೆ ಅದೇ ಕ್ರಮಕ್ಕೆ ಮೊದಲು ಅಡ್ಡಗೆರೆಯನ್ನು ಹಾಕಿದರೆ, ‘ಎಫ್’ ಅಕ್ಷರವು ತನಗೆ ಅಂಟಿಕೊಂಡಿರುವ ‘ವಿ’ಯನ್ನೇ ಗಂಟಿನ ಹೆಸರೆಂದು ಹಿಡಿಯುತ್ತದೆ. ಮೂರಕ್ಷರಗಳು ಅವೇ, ಕ್ರಮವೂ ಅದೇ. ಒಂದು ಗೆರೆಯಿಂದ ಅರ್ಥವು ಬೇರೆಯಾಯಿತು.

ಆಜ್ಞೆಗೊಂದರಂತೆ ರೂಢಿ ಬೆಳೆದುದರಿಂದ ಉಂಟಾದ ಈ ಗೊಂದಲವನ್ನು ತಗ್ಗಿಸಲು ೧೯೮೦ರ ಸುಮಾರಿಗೆ ‘ಗೆಟ್‌ಆಪ್ಟ್’ ಎಂಬ ಸಾಮಾನ್ಯ ಪದಚ್ಛೇದಕವು ಬಳಕೆಗೆ ಬಂದಿತು. ಅದರ ತತ್ತ್ವವು ಸರಳವಾದುದು. ಆಜ್ಞೆಯನ್ನು ಬರೆದವನು ತಾನು ಒಪ್ಪುವ ಅಕ್ಷರಗಳ ಪಟ್ಟಿಯನ್ನು ಮೊದಲೇ ಸಾರಬೇಕು. ಯಾವ ಅಕ್ಷರಕ್ಕೆ ಬೆಲೆ ಬೇಕೋ ಅದರ ಮುಂದೆ ಎರಡು ಚುಕ್ಕೆಗಳನ್ನಿಡಬೇಕು. ಪಟ್ಟಿಯಲ್ಲಿಲ್ಲದ ಅಕ್ಷರವು ಬಂದರೆ, ಅಥವಾ ಬೆಲೆ ಬೇಕಾದಲ್ಲಿ ಬೆಲೆಯಿಲ್ಲದಿದ್ದರೆ, ಪದಚ್ಛೇದಕವು ಊಹಿಸಕೂಡದು, ತಪ್ಪೆಂದು ಸಾರಬೇಕು. ಎರಡು ಅಡ್ಡಗೆರೆಗಳು ಮಾತ್ರ ಒಂಟಿಯಾಗಿ ಬಂದರೆ ಸೂಚನೆಗಳು ಅಲ್ಲಿಗೆ ಮುಗಿದವೆಂದು ತಿಳಿದು, ಮುಂದಿನದೆಲ್ಲವನ್ನೂ ಬರಿಯ ಹೆಸರುಗಳೆಂದೇ ಎಣಿಸಬೇಕು. ಯೂನಿಕ್ಸ್ ಪದ್ಧತಿಯ ನಂತರದ ಸಮಾನ ನಿಯಮಗಳಿಗೂ ಈ ಕ್ರಮವೇ ತಳಹದಿಯಾಯಿತು.

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಗಮನಿಸಬೇಕಾದುದು ಯಂತ್ರದ ಚಮತ್ಕಾರವನ್ನಲ್ಲ. ಓದುಗನ ತಲೆಯೊಳಗಿದ್ದ ಪಟ್ಟಿಯನ್ನು ಕಾಗದದ ಮೇಲೆ ತಂದು ಸಾರುವಂತೆ ಈ ಪದ್ಧತಿಯು ಒತ್ತಾಯಿಸಿತು ಎಂಬುದೇ ಮುಖ್ಯ.

೪. ದಾನಪಂಕ್ತಿಯ ಪದಚ್ಛೇದ

ಈ ತತ್ತ್ವವನ್ನು ಶಾಸನದ ಸಂಕ್ಷೇಪಗಳಿಗೆ ಅನ್ವಯಿಸಿ ನೋಡೋಣ. ಮಾದರಿಗೆಂದು ನಾವೇ ರಚಿಸಿಕೊಂಡ ಒಂದು ಪಂಕ್ತಿ ಹೀಗಿರಲಿ: “ಪುಷ್ಯ ಶು ೫ ಶು ಗದ್ದೆ ಮ ೨ ಕಂ ೫೦ ಗ ೩ ಪ ೫.” ಇದನ್ನು ಬಿಡಿಸುವ ನಿಯಮಗಳು ಯಾವುವು?

ಮೊದಲನೆಯದು, ಅಕ್ಷರವನ್ನು ಇಡಿಯಾಗಿ ಹಿಡಿಯಬೇಕು. ‘ಬು’ ಎಂಬುದು ಬುಧವಾರ. ‘ಬ’ ಎಂಬುದು ಬಹುಳ. ನಮ್ಮ ಕಣ್ಣಿಗೆ ಇವು ಬೇರೆಬೇರೆ ಅಕ್ಷರಗಳು. ಗಣಕಯಂತ್ರದಲ್ಲಿಯಾದರೋ ‘ಬು’ ಎಂಬುದು ‘ಬ’ ಮತ್ತು ಉಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿ ಕೂಡಿಡಲ್ಪಟ್ಟಿರುತ್ತದೆ. ಮೊದಲ ಸಂಕೇತವನ್ನು ಕಂಡೊಡನೆ ತೀರ್ಮಾನಕ್ಕೆ ಬರುವ ಪದಚ್ಛೇದಕವು ಬುಧವಾರಗಳನ್ನೆಲ್ಲ ಬಹುಳ ಪಕ್ಷವಾಗಿಸುತ್ತದೆ. ‘ಮಂ’ ಎಂಬ ಮಂಗಳವಾರದಲ್ಲಿ ‘ಮ’ ಎಂಬ ಮತ್ತರನ್ನು ಕಾಣುತ್ತದೆ. ಆದುದರಿಂದ ಉದ್ದವಾದ ಸಂಜ್ಞೆಯನ್ನು ಮೊದಲು ಪರೀಕ್ಷಿಸಿ, ಅದು ಹೊಂದದಿದ್ದರೆ ಮಾತ್ರ ಗಿಡ್ಡನೆಯದಕ್ಕೆ ಬರಬೇಕು.

ಎರಡನೆಯದು, ವೃತ್ತದ ನಿಯಮ. ಕನ್ನಡದಲ್ಲಿ ಅನುಸ್ವಾರವೂ ಸೊನ್ನೆಯೂ ಒಂದೇ ಆಕಾರದವು. ಕಲ್ಲಿನ ಮೇಲೆ ‘ಕಂ ೫೦’ ಎಂಬಲ್ಲಿ ಎರಡು ವೃತ್ತಗಳಿವೆ. ಮೊದಲನೆಯದು ಅನುಸ್ವಾರ, ಎರಡನೆಯದು ಸೊನ್ನೆ. ವ್ಯಂಜನದ ಬಳಿಕ ಬಂದುದು ಅನುಸ್ವಾರ, ಅಂಕದ ಬಳಿಕ ಬಂದುದು ಸೊನ್ನೆ ಎಂಬ ನಿಯಮವನ್ನು ಓದುಗನು ಅರಿಯದೆಯೇ ಪಾಲಿಸುತ್ತಾನೆ. ಬೆರಳಚ್ಚುಗಾರರು ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯನ್ನು ಒತ್ತುವುದು ಇಂದಿಗೂ ಸಾಮಾನ್ಯ. ಅರ್ಕಾವತ್ತಿನ ಸ್ಥಾನದಲ್ಲಿ ಒಂಬತ್ತರ ಅಂಕವನ್ನು ಒತ್ತುವುದೂ ಉಂಟು. ಕಣ್ಣಿಗೆ ಇದರಿಂದ ಭೇದವಿಲ್ಲ, ಯಂತ್ರಕ್ಕೆ ಭೇದವುಂಟು. ಹೀಗೆ ಬೆರಳಚ್ಚಾದ ಪಾಠದಲ್ಲಿ ‘ಕಂ ೫೦’ ಎಂಬುದರೊಳಗೆ ಎರಡು ಸಂಖ್ಯೆಗಳಿವೆಯೆಂದು ಯಂತ್ರವು ಭ್ರಮಿಸುವುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು, ಬೆಲೆಯ ನಿಯಮ. ನಮ್ಮ ಮಾದರಿಯಲ್ಲಿ ‘ಶು’ ಎಂಬುದು ಎರಡು ಸಲ ಬಂದಿದೆ. ಮೊದಲನೆಯದು ಶುದ್ಧ, ಎರಡನೆಯದು ಶುಕ್ರವಾರ. ಇದನ್ನು ನಿರ್ಣಯಿಸುವವರಾರು? ಅಕ್ಷರವಂತೂ ಅಲ್ಲ. ಪಕ್ಷವು ತನ್ನ ಮುಂದೆ ತಿಥಿಯ ಅಂಕವನ್ನು ಬೇಡುತ್ತದೆ. ವಾರವು ಏನನ್ನೂ ಬೇಡುವುದಿಲ್ಲ. ಗೆಟ್‌ಆಪ್ಟಿನ ಭಾಷೆಯಲ್ಲಿ ಹೇಳುವುದಾದರೆ, ಪಕ್ಷದ ‘ಶು’ವಿಗೆ ಎರಡು ಚುಕ್ಕೆಗಳುಂಟು, ವಾರದ ‘ಶು’ವಿಗಿಲ್ಲ. ಅಂತೆಯೇ ಮ, ಕಂ, ಗ, ಪ ಇವೆಲ್ಲವೂ ಬೆಲೆಯನ್ನು ಬೇಡುವ ಸಂಜ್ಞೆಗಳು. ಬೆಲೆಯಿಲ್ಲದ ‘ಮ’ ಕಂಡುಬಂದರೆ ಕಲ್ಲು ಒಡೆದಿರಬೇಕು, ಇಲ್ಲವೆ ಅದು ಮತ್ತರ್ ಅಲ್ಲದಿರಬೇಕು.

ನಾಲ್ಕನೆಯದು, ಸ್ಥಾನದ ನಿಯಮ. ಕಾಲಖಂಡದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂಬ ಕ್ರಮವು ಪ್ರಾಯಿಕವಾದುದು. ದಾನಖಂಡದಲ್ಲಿ ದೊಡ್ಡ ಮಾನವು ಮೊದಲು, ಚಿಕ್ಕದು ಬಳಿಕ ಬರುತ್ತದೆ. ಗದ್ಯಾಣಕ್ಕೆ ಸಾಮಾನ್ಯವಾಗಿ ೧೦ ಪಣಗಳೆಂಬ ಲೆಕ್ಕವಿರುವಲ್ಲಿ ‘ಗ ೩ ಪ ೧೨’ ಎಂಬ ಓದು ಸಂಶಯಾಸ್ಪದವಾಗುತ್ತದೆ. ಅಂಕವನ್ನು ಮತ್ತೊಮ್ಮೆ ಕಲ್ಲಿನಲ್ಲಿಯೋ ಅಚ್ಚಿನಲ್ಲಿಯೋ ನೋಡಬೇಕಾಗುತ್ತದೆ.

ಐದನೆಯದನ್ನು ಅನುವೃತ್ತಿಯ ನಿಯಮವೆನ್ನಬಹುದು. ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ಇಳಿದುಬರುವಂತೆ, ದಾನಪಂಕ್ತಿಯಲ್ಲಿಯೂ ವಸ್ತುವಿನ ಹೆಸರು ಒಮ್ಮೆ ಬಂದರೆ ಇನ್ನೊಂದು ಬರುವವರೆಗೆ ಅದೇ ನಡೆಯುತ್ತದೆ. ‘ಗದ್ದೆ ಮ ೨ ಕಂ ೫೦’ ಎಂಬಲ್ಲಿ ಕಮ್ಮಗಳೂ ಗದ್ದೆಯವೇ. ‘ಬಿಟ್ಟರು’ ಎಂಬ ಕ್ರಿಯಾಪದವು ಕೊನೆಯಲ್ಲಿ ಒಮ್ಮೆ ಬಂದು ಎಲ್ಲಕ್ಕೂ ಅನ್ವಯಿಸುತ್ತದೆ. ಅಲ್ಪಾಕ್ಷರಗಳಲ್ಲಿ ಬಹ್ವರ್ಥವನ್ನಡಗಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ೧೬೦೪ರಲ್ಲಿ ಭಟ್ಟಾಕಳಂಕನು ಕನ್ನಡ ವ್ಯಾಕರಣವನ್ನೆಲ್ಲ ೫೯೨ ಸಂಸ್ಕೃತ ಸೂತ್ರಗಳಲ್ಲಿ ಅಡಕಗೊಳಿಸಿದನಷ್ಟೆ. ಆದರೆ ಆತನು ಸೂತ್ರಗಳೊಡನೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆದಿಟ್ಟನು. ಶಾಸನದ ಸೇನಬೋವನು ಹಾಗೆ ಬರೆದಿಡಲಿಲ್ಲ. ಆತನ ಕಾಲದಲ್ಲಿ ಅದರ ಅಗತ್ಯವಿರಲಿಲ್ಲ.

೫. ದಫ್ತರದ ಎರಡು ಗೆರೆಗಳು

ಮೋಡಿ ದಫ್ತರಗಳಲ್ಲಿ ಸ್ಥಾನದ ಮಹತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ. ಹಳೆಯ ಲೆಕ್ಕದಲ್ಲಿ ಒಂದು ನಿಂತ ಗೆರೆಯೆಂದರೆ ಕಾಲು, ಎರಡೆಂದರೆ ಅರ್ಧ, ಮೂರೆಂದರೆ ಮುಕ್ಕಾಲು. ‘೫॥’ ಎಂದರೆ ಐದೂವರೆ. ರೂಪಾಯಿಯ ಮುಂದೆ ಮಲಗಿದ ಗೆರೆಗಳು ಬಂದರೆ ಒಂದೊಂದೂ ಒಂದೊಂದು ಆಣೆ. ಹೀಗೆ ‘೫॥=’ ಎಂದರೆ ಐದು ರೂಪಾಯಿ ಹತ್ತು ಆಣೆ. ಇದೇ ನಿಂತ ಗೆರೆಗಳು ಸೇರು, ಮಣಗಳ ಮುಂದೆ ಬಂದರೆ ಆಯಾ ಮಾನದ ಕಾಲು–ಅರ್ಧಗಳನ್ನು ಹೇಳುತ್ತವೆ.

ಈಗ ‘॥’ ಎಂಬ ಒಂದೇ ಚಿಹ್ನೆಯ ಕಾರ್ಯಗಳನ್ನು ಎಣಿಸಿ ನೋಡೋಣ. ಶ್ಲೋಕದ ಕೊನೆಯಲ್ಲಿ ಅದು ವಿರಾಮ. ಅಕ್ಷರದ ಮುಂದೆ ಅದು ಸಂಕ್ಷೇಪದ ಗುರುತು. ಅಂಕದ ಮುಂದೆ ಅದು ಅರ್ಧ. ‘ಮೌ॥’ ಎಂಬಲ್ಲಿಯೂ ‘೫॥’ ಎಂಬಲ್ಲಿಯೂ ಗೆರೆಗಳ ಆಕಾರದಲ್ಲಿ ಭೇದವಿಲ್ಲ. ಅದರ ಹಿಂದೆ ಏನಿದೆಯೆಂಬುದರಲ್ಲಿ ಮಾತ್ರ ಭೇದ. ಗಣಕಯಂತ್ರಕ್ಕೆ ಪಾಠಗಳನ್ನು ಊಡಿಸುವವರು ಮೊದಲು ವಿರಾಮಚಿಹ್ನೆಗಳನ್ನೆಲ್ಲ ತೆಗೆದುಹಾಕಿ ಪಾಠವನ್ನು ‘ಶುದ್ಧ’ಗೊಳಿಸುವ ವಾಡಿಕೆಯುಂಟು. ಹಳೆಯ ದಫ್ತರದ ಪಾಠಕ್ಕೆ ಈ ಶುದ್ಧಿಯನ್ನು ಮಾಡಿದರೆ ಐದೂವರೆಗಳೆಲ್ಲ ಐದಾಗುತ್ತವೆ. ಹೀಗೆ ಕಳೆದುಹೋದ ಅರ್ಧವನ್ನು ಯಾರೂ ಹುಡುಕುವುದಿಲ್ಲ. ಏಕೆಂದರೆ ಉಳಿದ ಸಂಖ್ಯೆಯು ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ. ರೈತನೊಬ್ಬನ ಸಾರಾದ ಬಾಕಿಯೂ ಗುಡಿಯೊಂದರ ನಂದಾದೀಪದ ಎಣ್ಣೆಯ ಲೆಕ್ಕವೂ ಹೀಗೆ ಸದ್ದಿಲ್ಲದೆ ಬದಲಾಗಬಹುದು.

ದಫ್ತರದ ಕಾಲಗಣನೆಯೂ ಇಂತಹುದೇ. ಚಾಂದ್ರಮಾನದ ಮುಸ್ಲಿಂ ತಿಂಗಳ ದಿನವನ್ನು ‘ಛ’ ಎಂಬ ಸಂಜ್ಞೆಯಿಂದ ಸೂಚಿಸುತ್ತಿದ್ದರು. ‘ಛ ೧೦ ರಜಬ’ ಎಂದರೆ ರಜಬ ತಿಂಗಳ ೧೦ನೆಯ ಚಂದ್ರ. ವರ್ಷವನ್ನು ಸುಹೂರ ಸನ್ನಿನಲ್ಲಿ, ಅರಬ್ಬಿಯ ಸಂಖ್ಯಾವಾಚಕಗಳಿಂದ ಬರೆಯುತ್ತಿದ್ದರು. ‘ಇಸನ್ನೆ ಸಬೈನ ಮಯಾ ವ ಅಲಫ’ ಎಂಬಲ್ಲಿ ಎರಡು, ಎಪ್ಪತ್ತು, ನೂರು, ಸಾವಿರ ಎಂಬ ಕ್ರಮವಿದೆ. ಬಿಡಿಸ್ಥಾನವು ಮೊದಲು, ಸಾವಿರವು ಕೊನೆಗೆ, ಕೂಡಿಸಿದರೆ ೧೧೭೨. ಸುಹೂರ ವರ್ಷಕ್ಕೆ ೫೯೯ ಅಥವಾ ೬೦೦ನ್ನು ಕೂಡಿಸಿದರೆ ಕ್ರಿಸ್ತಶಕವು ದೊರೆಯುತ್ತದೆ. ಆದಕಾರಣ ಇದು ೧೭೭೧–೭೨. ಈ ವರ್ಷವು ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವ ಮಳೆಗಾಲದ ಮೊದಲಿಗೆ ಆರಂಭವಾಗುವುದರಿಂದ, ತಿಂಗಳನ್ನು ತಿಳಿಯದೆ ೫೯೯ನ್ನು ಕೂಡಿಸಬೇಕೋ ೬೦೦ನ್ನೋ ಎಂಬುದನ್ನು ನಿರ್ಣಯಿಸಲಾಗದು.

೬. ಪರೀಕ್ಷೆಯ ಸಾಧನ

ಸಂಕ್ಷೇಪವು ಇಷ್ಟು ಸಂದಿಗ್ಧವಾಗಿದ್ದರೆ ಓದು ಸರಿಯೆಂದು ತಿಳಿಯುವ ಬಗೆ ಹೇಗೆ? ಅದೃಷ್ಟವಶಾತ್ ಶಾಸನದ ಕಾಲಖಂಡವು ತನ್ನ ಪರೀಕ್ಷೆಯ ಸಾಧನವನ್ನು ತನ್ನೊಳಗೇ ಇರಿಸಿಕೊಂಡಿದೆ. ಒಂದೇ ದಿನವನ್ನು ಅದು ಹಲವು ವಿಧದಲ್ಲಿ ಹೇಳುತ್ತದೆ.

ಬೆಳಗಾವಿಯಲ್ಲಿ ದೊರೆತು, ಬಳಿಕ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯವನ್ನು ಸೇರಿದ ರಟ್ಟ ನಾಲ್ಕನೆಯ ಕಾರ್ತವೀರ್ಯನ ಶಾಸನಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವುಗಳ ಕಾಲವು ಶಕ ೧೧೨೭, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ಶನಿವಾರ, ಉತ್ತರಾಯಣ ಸಂಕ್ರಮಣ. ಶಕವರ್ಷಕ್ಕೆ ೭೮ನ್ನು ಕೂಡಿಸುವ ಸಾಮಾನ್ಯ ಕ್ರಮದಂತೆ ೧೧೨೭ ಎಂಬುದು ೧೨೦೫–೦೬ ಆಗಬೇಕು. ಆದರೆ ರಕ್ತಾಕ್ಷಿಯು ೧೨೦೪–೦೫ಕ್ಕೆ ಸಲ್ಲುತ್ತದೆ. ಆದಕಾರಣ ಇಲ್ಲಿ ೧೧೨೭ ಎಂಬುದು ಸಂದ ವರ್ಷವಲ್ಲ, ನಡೆಯುತ್ತಿರುವ ವರ್ಷವೆಂದು ತಿಳಿಯಬೇಕು. ಹಾಗೆ ತಿಳಿದರೆ ಪುಷ್ಯ ಶುದ್ಧ ಬಿದಿಗೆಯು ೧೨೦೪ನೆಯ ಡಿಸೆಂಬರ್ ೨೫ಕ್ಕೆ ಬರುತ್ತದೆ. ಆ ದಿನವು ಶನಿವಾರವೇ ಆಗಿದ್ದಿತು, ಮಕರ ಸಂಕ್ರಮಣವೂ ಅಂದೇ. ಅಂಕವೊಂದನ್ನೇ ನಂಬಿದ್ದರೆ ಒಂದು ವರ್ಷದ ವ್ಯತ್ಯಾಸವಾಗುತ್ತಿತ್ತು. ಸಂವತ್ಸರದ ಹೆಸರು, ತಿಥಿ, ವಾರ, ಸಂಕ್ರಮಣಗಳು ಕೂಡಿ ಅದನ್ನು ತಿದ್ದಿದವು. ೧೮೯೬ರಲ್ಲಿ ಪ್ರಕಟವಾದ ಸೂಯೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ ಗ್ರಂಥವೂ, ೧೯೨೨ರ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೂ ಈ ಪರೀಕ್ಷೆಗೆ ವಿದ್ವಾಂಸರು ಬಳಸಿದ ಸಾಧನಗಳು. ಇಂದು ಆ ಗಣಿತವನ್ನು ಯಂತ್ರವು ಕ್ಷಣದಲ್ಲಿ ಮಾಡಬಲ್ಲುದು.

‘ಶು ೫ ಶು’ ಎಂಬುದನ್ನು ಶುದ್ಧ ಪಂಚಮಿ ಶುಕ್ರವಾರವೆಂದು ಓದಿದ ಪದಚ್ಛೇದಕವು ಅಲ್ಲಿಗೇ ನಿಲ್ಲದೆ, ಆ ವರ್ಷದ ಆ ತಿಥಿಯು ಶುಕ್ರವಾರ ಬಂದಿತ್ತೇ ಎಂದು ಪರೀಕ್ಷಿಸಬೇಕು. ಹೊಂದಿದರೆ ಓದಿಗೆ ಬಲ ಬರುತ್ತದೆ. ಹೊಂದದಿದ್ದರೆ ಓದು ತಪ್ಪಾಗಿರಬಹುದು, ಕಂಡರಣೆಯೇ ತಪ್ಪಾಗಿರಬಹುದು, ಅಥವಾ ಕೃತ್ರಿಮ ಶಾಸನವಾಗಿರಬಹುದು. ಇವುಗಳಲ್ಲಿ ಯಾವುದೆಂದು ತೀರ್ಮಾನಿಸುವುದು ಇತಿಹಾಸಜ್ಞನ ಕೆಲಸ; ವಾರವನ್ನು ಬದಲಿಸಿ ತಿಥಿಗೆ ಹೊಂದಿಸಿಕೊಡುವ ಅಧಿಕಾರವು ಪದಚ್ಛೇದಕಕ್ಕೆ ಇಲ್ಲ.

ದಾನಖಂಡಕ್ಕಾದರೋ ಇಂತಹ ಒಳಪರೀಕ್ಷೆಯು ಅಪರೂಪ. ಮತ್ತರಿನ ಸಂಖ್ಯೆಯನ್ನು ಶಾಸನವು ಬಹುಶಃ ಒಂದೇ ಸಲ ಹೇಳುತ್ತದೆ. ತಪ್ಪಿದರೆ ತಿದ್ದುವವರಿಲ್ಲ. ಆದಕಾರಣ ಎಲ್ಲಿ ಎಚ್ಚರವು ಹೆಚ್ಚು ಬೇಕೋ ಅಲ್ಲಿಯೇ ಪರೀಕ್ಷೆಯ ಸಾಧನವು ಕಡಿಮೆ.

೭. ಪದಚ್ಛೇದಕದ ಎಲ್ಲೆಗಳು

ಇಷ್ಟು ನಿಯಮಗಳನ್ನು ಬರೆದ ಮೇಲೆ ಯಂತ್ರವೇ ಶಾಸನವನ್ನು ಓದಿಬಿಡುತ್ತದೆಯೆಂದು ಭಾವಿಸಲಾಗದು. ‘ಮ ೨’ ಎಂಬುದನ್ನು ಎರಡು ಮತ್ತರ್ ಎಂದು ಬಿಡಿಸುವುದು ಪದಚ್ಛೇದ. ಎರಡು ಮತ್ತರೆಂದರೆ ಇಷ್ಟು ಎಕರೆಯೆಂದು ಹೇಳುವುದು ಬೇರೆಯ ಕಾರ್ಯ. ಅಳತೆಯ ಕೋಲು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಬಳ್ಳಿಗಾವೆಯ ಕಡೆಯ ಶಾಸನಗಳು ಭೇರುಂಡ ಗಳೆಯೆಂದು ಕೋಲಿನ ಹೆಸರನ್ನೇ ಹೇಳುತ್ತವೆ. ಕೋಲನ್ನು ಹೆಸರಿಸದೆ ಬಿಟ್ಟ ಶಾಸನಗಳೂ ಅನೇಕ. ಕೋಲನ್ನರಿಯದೆ ಎಕರೆಗೆ ಪರಿವರ್ತಿಸುವ ಯಂತ್ರವು ಅಂಕಿಅಂಶಗಳ ಸೋಗಿನಲ್ಲಿ ಕಲ್ಪನೆಯನ್ನು ಹರಡುತ್ತದೆ.

ಮಾನವ ವಿದ್ವಾ೦ಸರು ನೂರು ವರ್ಷಗಳಿಗೂ ಮಿಗಿಲಾಗಿ ಈ ಸಂಕ್ಷೇಪಗಳನ್ನು ಓದುತ್ತ ಬಂದಿರುವಾಗ ನಿಯಮಗಳನ್ನು ಬರೆದಿಡುವ ಶ್ರಮವೇಕೆ ಎಂಬ ಆಕ್ಷೇಪಣೆಯೂ ಬರಬಹುದು. ರಟ್ಟರ ಶಾಸನಗಳನ್ನು ಮೊದಲು ವ್ಯವಸ್ಥಿತವಾಗಿ ಬೆಳಕಿಗೆ ತಂದ ಫ್ಲೀಟರಿಗೂ, ಮೈಸೂರು ಸೀಮೆಯ ಶಾಸನಸಂಪುಟಗಳನ್ನು ಪ್ರಕಟಿಸಿದ ರೈಸರಿಗೂ, ೧೯೩೯ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯ ಪಂಚಮುಖಿಯವರಿಗೂ ಯಾವ ಪದಚ್ಛೇದಕವೂ ಬೇಕಾಗಿರಲಿಲ್ಲ. ಇದು ನಿಜ. ಆದರೆ ಅನುಭವಿಯಾದ ಓದುಗನು ‘ಶು’ವನ್ನು ಶುದ್ಧವೆಂದು ಓದುವಾಗ ತಾನು ಆಯ್ಕೆ ಮಾಡುತ್ತಿರುವುದನ್ನೇ ಅರಿಯುವುದಿಲ್ಲ. ಆತನ ಶಿಷ್ಯನು ಆ ಆಯ್ಕೆಯನ್ನು ಕಾಣುವುದಿಲ್ಲ. ಅಚ್ಚಾದ ಅನುವಾದವನ್ನು ಮಾತ್ರ ಓದುವ ವಿದ್ಯಾರ್ಥಿಗೆ ಅಲ್ಲೊಂದು ಆಯ್ಕೆಯಿತ್ತೆಂಬುದೇ ತಿಳಿಯದು. ಯಂತ್ರಕ್ಕಾಗಿ ನಿಯಮವನ್ನು ಬರೆಯುವವನು ಪ್ರತಿಯೊಂದು ಆಯ್ಕೆಯನ್ನೂ ಬಾಯಿಬಿಟ್ಟು ಹೇಳಲೇಬೇಕು. ನಮಗೆ ದೊರೆಯುವ ಮುಖ್ಯ ಲಾಭವು ವೇಗವಲ್ಲ, ಈ ಪ್ರಕಟತೆ.

ಆದಕಾರಣ ನಮ್ಮ ಸಂಪುಟಗಳಿಗಾಗಿ ಪದಚ್ಛೇದಕವನ್ನು ಬರೆಯುವವರು ಮೂರು ಕಟ್ಟುಪಾಡುಗಳಿಗೆ ಒಳಗಾಗಬೇಕೆಂದು ಸೂಚಿಸಬಹುದು. ಕಲ್ಲಿನ ಮೇಲಿರುವ ಸಂಜ್ಞೆಯನ್ನು ಎಂದೂ ಅಳಿಸದೆ, ಬಿಡಿಸಿದ ರೂಪವನ್ನು ಅದರ ಪಕ್ಕದಲ್ಲಿರಿಸಬೇಕು. ಯಾವ ನಿಯಮದಿಂದ ಹಾಗೆ ಬಿಡಿಸಿತೆಂಬುದನ್ನು ನಮೂದಿಸಬೇಕು. ಎರಡರ್ಥಗಳು ಸಮಬಲವಾಗಿರುವಲ್ಲಿ ಎರಡನ್ನೂ ಕೊಟ್ಟು ನಿರ್ಣಯವಿಲ್ಲವೆಂದು ಸಾರಬೇಕು. ಪ್ರತಿಯೊಂದಕ್ಕೂ ಉತ್ತರ ಕೊಡುವ ಪದಚ್ಛೇದಕಕ್ಕಿಂತ, ತಿಳಿಯದೆಂದು ತಡೆದು ನಿಲ್ಲುವ ಪದಚ್ಛೇದಕವೇ ಇತಿಹಾಸಕ್ಕೆ ಹೆಚ್ಚು ಉಪಕಾರಿ.

೮. ಉಪಸಂಹಾರ

ಸಂಕ್ಷೇಪವೆಂಬುದು ಬರೆಯುವವನ ಶ್ರಮವನ್ನು ಉಳಿಸಿ ಓದುವವನ ಮೇಲೆ ಹೊರಿಸುವ ಒಂದು ಒಪ್ಪಂದ. ಬರೆಯುವವನೂ ಓದುವವನೂ ಒಂದೇ ವರ್ತುಲದವರಾಗಿರುವವರೆಗೆ ಆ ಭಾರವು ಯಾರಿಗೂ ತೋರುವುದಿಲ್ಲ. ವರ್ತುಲವು ಒಡೆದಾಗ ಅದು ತೋರುತ್ತದೆ. ನಮ್ಮ ಸೀಮೆಯಲ್ಲಿ ಈ ವರ್ತುಲವು ಒಂದು ತಲೆಮಾರಿನೊಳಗೇ ಹಲವು ಕಡೆ ಒಡೆಯಿತು. ೧೯೪೯ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. ೧೯೫೬ರಲ್ಲಿ ಬೆಳಗಾವಿ ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿತು. ೧೯೫೭ನೆಯ ಏಪ್ರಿಲ್ ೧ರಿಂದ ದಶಮಾನ ನಾಣ್ಯಗಳು ಬಂದು ಆಣೆಯ ಗೆರೆಗಳು ಕೆಲಸ ಕಳೆದುಕೊಂಡವು. ಮೋಡಿಯನ್ನು ಓದಬಲ್ಲವರು ವಿರಳರಾದರು. ಕಾಗದಗಳು ಉಳಿದಿವೆ, ಪಟ್ಟಿಯು ಉಳಿಯಲಿಲ್ಲ.

ಆ ಪಟ್ಟಿಯನ್ನು ಮತ್ತೆ ಬರೆಯುವುದು ಗಣಕಶಾಸ್ತ್ರಜ್ಞನೊಬ್ಬನಿಂದ ಆಗತಕ್ಕ ಕೆಲಸವಲ್ಲ. ಆತನು ನಿಯಮವನ್ನು ಯಂತ್ರದ ಭಾಷೆಗೆ ತಿರುಗಿಸಬಲ್ಲನೇ ಹೊರತು, ‘ಗ’ ಎಂಬುದು ಗದ್ಯಾಣವೆಂದೂ, ‘೫॥’ ಎಂಬಲ್ಲಿಯ ಗೆರೆಗಳು ವಿರಾಮವಲ್ಲವೆಂದೂ ಹೇಳಬೇಕಾದವರು ನಾವು. ಪ್ರತಿಯೊಂದು ತಾಲೂಕಿನ ಶಾಸನಗಳನ್ನೂ ಹಳೆಯ ಲೆಕ್ಕದ ಕಾಗದಗಳನ್ನೂ ಆಧರಿಸಿ, ಎಲ್ಲಿ ಯಾವ ಸಂಜ್ಞೆಯು ಯಾವ ಕಾಲದಲ್ಲಿ ಯಾವ ಅರ್ಥದಲ್ಲಿ ಬಂದಿದೆಯೆಂಬ ಪಟ್ಟಿಗಳನ್ನು ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸಬಹುದು. ಕಾಲೇಜಿನ ಪ್ರಬಂಧವೊಂದಕ್ಕೆ ಇದು ತಕ್ಕ ವಿಷಯ. ಇದಕ್ಕೆ ಬೇಕಾದುದು ದೊಡ್ಡ ಧನಸಹಾಯವಲ್ಲ, ಕಲ್ಲಿನ ಮುಂದೆಯೂ ಕಾಗದದ ಮುಂದೆಯೂ ಸಾವಧಾನವಾಗಿ ಕುಳಿತುಕೊಳ್ಳುವ ತಾಳ್ಮೆ. ಹಳೆಯ ಕಾಗದಗಳನ್ನು ಓದಬಲ್ಲ ಹಿರಿಯರು ಕೆಲವರಾದರೂ ನಮ್ಮ ನಡುವೆ ಇರುವಾಗಲೇ ಈ ಕೆಲಸವು ಆರಂಭವಾಗುವುದು ಒಳ್ಳೆಯದು.